ಹಾಲಿನಿಂದ ನೀರು ತೆಗೆದ ಮೂರು ಊರುಗಳು

ಲಂಡನ್ನಿನಲ್ಲಿ ಕೊಂಡ ಡೇರಿ ಮಿಲ್ಕ್ ಬಾರಿಗೂ ನ್ಯೂಯಾರ್ಕಿನಲ್ಲಿ ಕೊಂಡ ಡೇರಿ ಮಿಲ್ಕ್ ಬಾರಿಗೂ ಹೆಸರು ಒಂದೇ, ಹೊದಿಕೆಯ ನೇರಳೆ ಬಣ್ಣವೂ ಒಂದೇ. ಬಾಯಿಗಿಟ್ಟರೆ ಮಾತ್ರ ಬೇರೆ. ಅಮೆರಿಕದಲ್ಲಿ ಮಾರುವ ಕ್ಯಾಡ್ಬರಿ ಬಾರನ್ನು 1988ರಿಂದ ಹರ್ಷಿ ಕಂಪನಿ ಪರವಾನಗಿ ಪಡೆದು ತಾನೇ ತಯಾರಿಸುತ್ತದೆ. ಬೆನ್ನಿನ ಮೇಲೆ ಅಚ್ಚಾದ ಪದಾರ್ಥಗಳ ಪಟ್ಟಿ ನೋಡಿದರೆ ಇಂಗ್ಲೆಂಡಿನ ಬಾರಿನಲ್ಲಿ ಮೊದಲು ಬರುವುದು ಹಾಲು, ಅಮೆರಿಕದ ಬಾರಿನಲ್ಲಿ ಸಕ್ಕರೆ. ಇಂಗ್ಲೆಂಡಿನ ಬಾರುಗಳನ್ನು ಅಮೆರಿಕಕ್ಕೆ ತರಿಸಿ ಮಾರುತ್ತಿದ್ದ ವ್ಯಾಪಾರಿಗಳ ಮೇಲೆ ಹರ್ಷಿ ಕಂಪನಿ ಮೊಕದ್ದಮೆ ಹೂಡಿತ್ತು. 2015ರಲ್ಲಿ ಅದು ರಾಜಿಯಲ್ಲಿ ಮುಗಿದು ಆ ಆಮದು ನಿಂತಾಗ, ಅಮೆರಿಕದಲ್ಲಿ ನೆಲೆಸಿದ್ದ ಬ್ರಿಟಿಷರು ತಮ್ಮ ಮನೆಯದೇ ಏನೋ ಕಳೆದುಹೋಯಿತೆಂಬಂತೆ ಸಿಟ್ಟಾದರು.

ಸ್ವಿಟ್ಜರ್ಲೆಂಡಿನ ಹಾಲಿನ ಚಾಕೊಲೇಟು ನಾಲಿಗೆಯ ಮೇಲೆ ನುಣ್ಣಗೆ ಹರಡಿಕೊಂಡು ಹಸಿ ಕೆನೆಯ ರುಚಿ ಕೊಡುತ್ತದೆ. ಇಂಗ್ಲೆಂಡಿನದರಲ್ಲಿ ಚೆನ್ನಾಗಿ ಕಾಯಿಸಿದ ಹಾಲಿನ, ಕಂದು ತಿರುಗಿದ ಸಕ್ಕರೆಯ ಪರಿಮಳ. ಅಮೆರಿಕದ ಹರ್ಷಿ ಬಾರು ತಿಂದು ಮುಗಿಸುವಾಗ ಗಂಟಲಿನ ಹತ್ತಿರ ಒಂದು ಹುಳಿ ಉಳಿಯುತ್ತದೆ. ಅದನ್ನು ಮೊದಲ ಸಲ ತಿನ್ನುವ ಯುರೋಪಿನವರು ಮುಖ ಸಿಂಡರಿಸುವುದುಂಟು. ಅದನ್ನೇ ತಿಂದು ಬೆಳೆದವರಿಗೆ ಆ ಹುಳಿ ಇಲ್ಲದಿದ್ದರೆ ಏನೋ ಸಪ್ಪೆ.

ಇಂಥ ವ್ಯತ್ಯಾಸ ಕಂಡಾಗ ನಾವು ಥಟ್ಟನೆ ಹುಡುಕುವ ಕಾರಣ ಬೀಜದ್ದು: ಅವರದು ಒಳ್ಳೆಯ ಕೋಕೋ, ಇವರದು ಕಳಪೆ. ಬೀಜಕ್ಕೂ ಪಾಲಿದೆ, ನಿಜ. ಆದರೆ ಜಗತ್ತಿನ ಕೋಕೋದಲ್ಲಿ ಬಹುಪಾಲು ಬೆಳೆಯುವುದು ಪಶ್ಚಿಮ ಆಫ್ರಿಕದಲ್ಲಿ. ದೊಡ್ಡ ಕಂಪನಿಗಳೆಲ್ಲ ಅಲ್ಲಿಂದಲೇ ಕೊಳ್ಳುತ್ತವೆ. ಹಾಗಿದ್ದೂ ಈ ಮೂರು ದೇಶಗಳ ರುಚಿ ಕವಲೊಡೆದಿದೆ. ಆ ಕವಲಿನ ಮೂಲದಲ್ಲಿರುವುದು ಒಂದೇ ತೊಡಕು: ಹಾಲಿನಲ್ಲಿರುವ ನೀರನ್ನು ತೆಗೆಯುವುದು ಹೇಗೆ? 1875ರಿಂದ 1905ರವರೆಗಿನ ಮೂವತ್ತು ವರ್ಷಗಳಲ್ಲಿ ಮೂರು ಊರುಗಳ ಜನ ಇದಕ್ಕೆ ಮೂರು ಉತ್ತರ ಕಂಡುಕೊಂಡರು. ಅವರು ಹುಡುಕುತ್ತಿದ್ದುದು ಕೆಡದ ಹಾಲನ್ನು. ರುಚಿ ಅದರ ಹಿಂದೆ ತಾನಾಗಿ ಬಂತು.

ಕುಡಿಯುವ ಕಾಲದಿಂದ ತಿನ್ನುವ ಕಾಲಕ್ಕೆ

ಮಾಯಾ ಮತ್ತು ಅಜ್ಟೆಕ್ ಜನ ಸಾವಿರಾರು ವರ್ಷ ಚಾಕೊಲೇಟನ್ನು ಕುಡಿದರೇ ಹೊರತು ಕಡಿದು ತಿನ್ನಲಿಲ್ಲ. ಮೆಣಸಿನಕಾಯಿ, ವೆನಿಲಾ ಸೇರಿಸಿದ ಕಹಿ ಪಾನೀಯ ಅದು. ಸ್ಪೇನಿನವರು ಅದಕ್ಕೆ ಸಕ್ಕರೆ, ದಾಲ್ಚಿನ್ನಿ ಹಾಕಿದರು. ಯುರೋಪಿನಲ್ಲಿ ಅದು ಸಿರಿವಂತರ ಪಾನೀಯವಾಗಿಯೇ ಉಳಿಯಿತು. ಕೋಕೋ ಬೀಜದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುವುದರಿಂದ ಬಟ್ಟಲಿನ ಮೇಲೆ ಜಿಡ್ಡು ತೇಲುತ್ತಿತ್ತು. 1828ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಹೌಟೆನ್ ಕುಟುಂಬ ಬೀಜವನ್ನು ಒತ್ತಿ ಕೊಬ್ಬು ಹಿಂಡುವ ಯಂತ್ರಕ್ಕೆ ಹಕ್ಕುಪತ್ರ ಪಡೆಯಿತು. ಒಂದು ಕಡೆ ಕೋಕೋ ಪುಡಿ, ಇನ್ನೊಂದು ಕಡೆ ಕೋಕೋ ಬೆಣ್ಣೆ ಸಿಕ್ಕವು. ಈ ಹೆಚ್ಚುವರಿ ಬೆಣ್ಣೆಯನ್ನು ಮತ್ತೆ ಕೋಕೋ ಮತ್ತು ಸಕ್ಕರೆಯೊಂದಿಗೆ ಕಲಸಿ ಅಚ್ಚಿಗೆ ಹೊಯ್ಯಬಹುದೆಂದು 1847ರಲ್ಲಿ ಬ್ರಿಸ್ಟಲ್ಲಿನ ಫ್ರೈ ಕಂಪನಿ ತೋರಿಸಿತು. ತಿನ್ನುವ ಚಾಕೊಲೇಟ್ ಬಂದದ್ದು ಹೀಗೆ. ಅದು ಕಹಿಯಾಗಿತ್ತು, ಹಲ್ಲಿಗೆ ತರಿತರಿಯಾಗಿ ತಾಗುತ್ತಿತ್ತು.

ಅದಕ್ಕೆ ಹಾಲು ಸೇರಿಸಿದರೆ ಕಹಿ ತಗ್ಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕುಡಿಯುವ ಚಾಕೊಲೇಟಿಗೆ ಹಾಲು ಬೆರೆಸುವ ರೂಢಿ ಹಿಂದಿನಿಂದಲೂ ಇತ್ತು. ಅಚ್ಚಿನ ಚಾಕೊಲೇಟಿಗೆ ಅದು ಆಗುತ್ತಿರಲಿಲ್ಲ. ಕರಗಿದ ಚಾಕೊಲೇಟೆಂದರೆ ಕೋಕೋ ಬೆಣ್ಣೆಯಲ್ಲಿ ತೇಲುವ ಸಕ್ಕರೆ ಮತ್ತು ಕೋಕೋ ಕಣಗಳು. ಅದಕ್ಕೆ ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಇಡೀ ಪಾಕ ಗಟ್ಟಿ ಮುದ್ದೆಯಾಗುತ್ತದೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಎಣ್ಣೆಯ ಲೋಕಕ್ಕೆ ನೀರಿನ ಲೋಕದ ವಸ್ತುವನ್ನು ಸೇರಿಸುವ ಕೆಲಸ ಅದು. ಹೇಗೋ ಸೇರಿಸಿದರೂ ಉಳಿದ ತೇವದಿಂದ ಬೂಷ್ಟು ಹಿಡಿಯುತ್ತಿತ್ತು, ಹಾಲಿನ ಕೊಬ್ಬು ಕಮಟುತ್ತಿತ್ತು.

ವೆವೇ: ಮೇಣದಬತ್ತಿಯ ವ್ಯಾಪಾರಿ

ಮೊದಲ ಉತ್ತರ ಕಂಡುಕೊಂಡವನು ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿರುವ ವೆವೇ ಊರಿನ ಡೇನಿಯಲ್ ಪೀಟರ್. 1836ರಲ್ಲಿ ಹುಟ್ಟಿದ ಅವನ ಕಸುಬು ಮೇಣದಬತ್ತಿ ಮಾಡುವುದು. ಸೀಮೆಎಣ್ಣೆ ದೀಪಗಳು ಬಂದು ಮೇಣದಬತ್ತಿಯನ್ನು ಕೇಳುವವರು ಕಡಿಮೆಯಾದರು. ಅವನ ಹೆಂಡತಿ ಫ್ಯಾನಿ, ಆ ಸೀಮೆಯಲ್ಲಿ 1819ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಸ್ವಾ ಲೂಯಿ ಕಾಯೇಯ ಮಗಳು. ಹೆಂಡತಿಯ ತವರಿನ ಕಸುಬಿಗೆ ಪೀಟರ್ 1867ರಲ್ಲಿ ಕೈಹಾಕಿದ. ಆಗಲೇ ಹೆಸರು ಮಾಡಿದ್ದ ಮನೆತನಗಳ ನಡುವೆ ಹೊಸಬನೊಬ್ಬ ನಿಲ್ಲಬೇಕಾದರೆ ಬೇರೆಯವರ ಬಳಿ ಇಲ್ಲದ ಒಂದು ಸರಕು ಬೇಕಿತ್ತು. ಸುತ್ತಲ ಬೆಟ್ಟಗಳಲ್ಲಿ ಹಾಲಿಗೆ ಕೊರತೆ ಇರಲಿಲ್ಲ.

ಅದೇ ಊರಿನಲ್ಲಿ ಹೆನ್ರಿ ನೆಸ್ಲೆ ಎಂಬ ಜರ್ಮನ್ ಮೂಲದ ಔಷಧ ವ್ಯಾಪಾರಿ ಹಾಲು ಮತ್ತು ಗೋಧಿ ಹಿಟ್ಟಿನಿಂದ ಎಳೆಗೂಸುಗಳ ಆಹಾರ ತಯಾರಿಸುತ್ತಿದ್ದ. ಹಾಲನ್ನು ಮಂದ ಮಾಡುವ ವಿದ್ಯೆ ಆ ಕಾಲಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಹೊಸದಾಗಿ ಬೇರೂರಿತ್ತು. 1866ರಲ್ಲಿ ಪೇಜ್ ಸೋದರರು ಖಾಮ್ ಎಂಬಲ್ಲಿ ಮಂದ ಹಾಲಿನ ಕಾರ್ಖಾನೆ ತೆರೆದಿದ್ದರು. ಹಾಲಿನ ಬಹುಪಾಲು ನೀರು ಅಲ್ಲೇ ಹೋಗಿರುತ್ತಿತ್ತು. ಪೀಟರ್ ಮಂದ ಹಾಲನ್ನು ಕೋಕೋ ಮತ್ತು ಸಕ್ಕರೆಯೊಂದಿಗೆ ನಾದಿ, ಒಣಗಿಸಿ, ಅರೆದು, ಕೋಕೋ ಬೆಣ್ಣೆ ಕೂಡಿಸುವ ದಾರಿ ಹಿಡಿದ. ಹಾಲಿನ ಚಾಕೊಲೇಟಿನ ಹುಟ್ಟಿಗೆ ಸಾಮಾನ್ಯವಾಗಿ ಹೇಳುವ ವರ್ಷ 1875. ಆದರೆ ತಿಂಗಳುಗಟ್ಟಲೆ ಇಟ್ಟರೂ ಕಮಟದ, ಬೂಷ್ಟು ಹಿಡಿಯದ ಸರಕು ಅವನ ಕೈಗೆ ಪೂರ್ತಿ ದಕ್ಕಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. 1887ರಲ್ಲಿ ಅದು 'ಗಾಲಾ ಪೀಟರ್' ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು.

ಈ ಗೆಲುವಿನಲ್ಲಿ ಊರಿನ ಭೂಗೋಳಕ್ಕೂ ಪಾಲಿದೆ. ಚಾಕೊಲೇಟಿನಲ್ಲಿ ತೇವ ನೂರಕ್ಕೆ ಎರಡನ್ನು ಮೀರಿದರೆ ಅದು ಬಾಯಿಗೂ ಹಿತವಲ್ಲ, ಬಾಳಿಕೆಯೂ ಇಲ್ಲ. ಕೊನೆಯ ಆ ತೇವವನ್ನು ತೆಗೆಯಲು ಬಿಸಿಯಲ್ಲಿ ಗಂಟೆಗಟ್ಟಲೆ ಕಲಸುತ್ತಲೇ ಇರಬೇಕು. ಕಲ್ಲಿದ್ದಲು ಉರಿಸಿ ಯಂತ್ರ ಓಡಿಸುವವನಿಗೆ ಅದು ದುಬಾರಿ. ಬೆಟ್ಟದಿಂದ ಇಳಿಯುವ ತೊರೆಗಳ ನೀರಿನಿಂದ ಗಾಣ ತಿರುಗಿಸುತ್ತಿದ್ದ ಸ್ವಿಸ್ ಕಾರ್ಖಾನೆಗಳಿಗೆ ಎಷ್ಟು ಹೊತ್ತು ಕಲಸಿದರೂ ಹೊರೆಯಾಗುತ್ತಿರಲಿಲ್ಲ. 1879ರಲ್ಲಿ ಬರ್ನ್ ನಗರದ ರೊಡಾಲ್ಫ್ ಲಿಂಟ್ ಕಂಡುಕೊಂಡ ಕಾಂಚ್ ಯಂತ್ರದ ಕೆಲಸವೂ ಅದೇ: ಉರುಳೆಗಳಡಿ ಚಾಕೊಲೇಟನ್ನು ಬಿಡದೆ ತಿಕ್ಕಿ, ತೇವವನ್ನೂ ಅನಗತ್ಯ ಹುಳಿಯನ್ನೂ ಹಾರಿಸಿ, ಪ್ರತಿ ಕಣಕ್ಕೂ ಕೋಕೋ ಬೆಣ್ಣೆ ಸವರುವುದು. ಕಣ 30 ಮೈಕ್ರಾನಿಗಿಂತ ದಪ್ಪವಿದ್ದರೆ ನಾಲಿಗೆಗೆ ತರಿ ಗೊತ್ತಾಗುತ್ತದೆ. ಸ್ವಿಸ್ ಚಾಕೊಲೇಟಿನ ನುಣುಪು ಇಂದಿಗೂ ಹೆಸರುವಾಸಿಯಾಗಿರುವುದರ ಹಿಂದೆ ಈ ದೀರ್ಘ ಕಲಸಾಟದ ಪರಂಪರೆ ಇದೆ. ಮುಂದೆ ಒಳ್ಳೆಯ ಹಾಲಿನ ಪುಡಿ ಮಾಡುವುದು ಸಾಧ್ಯವಾದಾಗ ಯುರೋಪಿನ ಹೆಚ್ಚಿನ ಕಾರ್ಖಾನೆಗಳು ಅದಕ್ಕೇ ಹೊರಳಿದವು. ಪುಡಿಯಾಗುವಾಗ ಹಾಲಿಗೆ ಸಕ್ಕರೆಯೊಂದಿಗೆ ಕುದಿಯುವ ಪ್ರಸಂಗವಿಲ್ಲ. ಅದರಿಂದ ಹಸಿ ಹಾಲಿನ ರುಚಿ ಉಳಿಯುತ್ತದೆ. ಪೀಟರನ ಮಾವನ ಹೆಸರಿನ ಕಾಯೇ ಕಾರ್ಖಾನೆ ಬ್ರೋಕ್ ಊರಿನಲ್ಲಿ ಈಗಲೂ ಮಂದ ಹಾಲನ್ನೇ ಬಳಸುವುದನ್ನು ತನ್ನ ಹೆಮ್ಮೆಯೆಂದು ಹೇಳಿಕೊಳ್ಳುತ್ತದೆ.

ಬೋರ್ನ್‌ವಿಲ್: ಕಾದು ಕಂದಾದ ಹಾಲು

ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಅಂಗಡಿಗಳಲ್ಲಿ ಹಾಲಿನ ಚಾಕೊಲೇಟೆಂದರೆ ಸ್ವಿಸ್ ಸರಕು. ಬರ್ಮಿಂಗ್‌ಹ್ಯಾಮಿನ ಹೊರವಲಯದ ಬೋರ್ನ್‌ವಿಲ್‌ನಲ್ಲಿ 1879ರಿಂದ ಕಾರ್ಖಾನೆ ನಡೆಸುತ್ತಿದ್ದ ಕ್ಯಾಡ್ಬರಿಯವರು 1897ರಲ್ಲಿ ಹಾಲಿನ ಪುಡಿ ಸೇರಿಸಿ ತಮ್ಮದೊಂದು ಬಾರು ತಂದರು. ಆ ಕಾಲದ ಹಾಲಿನ ಪುಡಿ ಒರಟು. ಬಾರು ಒಣಕಲಾಗಿತ್ತು, ಕೊಳ್ಳುವವರು ಕಡಿಮೆ. ಕಿರಿಯ ಜಾರ್ಜ್ ಕ್ಯಾಡ್ಬರಿ ಮತ್ತು ಅವರ ಜೊತೆಗಾರರು ಪುಡಿಯನ್ನು ಬಿಟ್ಟು ತಾಜಾ ಹಾಲಿಗೆ ತಿರುಗಿದರು. ಸ್ವಿಸ್ ಬಾರಿಗಿಂತ ಹೆಚ್ಚು ಹಾಲು ತುಂಬಬೇಕೆಂಬುದು ಅವರ ಗುರಿ. 1905ರಲ್ಲಿ ಡೇರಿ ಮಿಲ್ಕ್ ಮಾರುಕಟ್ಟೆಗೆ ಬಂತು. ಒಂದು ದಶಕ ಕಳೆಯುವುದರೊಳಗೆ ಕಂಪನಿಯ ಅತಿ ಹೆಚ್ಚು ಮಾರಾಟದ ಸರಕಾಯಿತು.

ಇಂಗ್ಲೆಂಡಿನ ತೊಡಕಿಗೆ ಇನ್ನೊಂದು ಮುಖವಿತ್ತು. ವಸಂತದಲ್ಲಿ ಹುಲ್ಲು ಚಿಗುರಿದಾಗ ಹಾಲು ಹೊಳೆಯಾಗಿ ಬರುತ್ತಿತ್ತು, ಚಳಿಗಾಲದಲ್ಲಿ ಇಳಿಯುತ್ತಿತ್ತು. ಚಾಕೊಲೇಟು ಹೆಚ್ಚು ಮಾರಾಟವಾಗುವುದು ಕ್ರಿಸ್‌ಮಸ್ ಹೊತ್ತಿಗೆ. ವಸಂತದ ಹಾಲನ್ನು ತಿಂಗಳುಗಟ್ಟಲೆ ಕಾಪಿಡಬೇಕು. ಇದಕ್ಕೆ ಒದಗಿದ್ದು ಕ್ರಂಬ್ ಎಂಬ ಪುಡಿಪುಡಿ ಸರಕು. ಹಾಲಿಗೆ ಸಕ್ಕರೆ ಹಾಕಿ ಕಾಯಿಸಿ ಮಂದ ಮಾಡುತ್ತಾರೆ. ಅದಕ್ಕೆ ಅರೆದ ಕೋಕೋ ಮುದ್ದೆ ಕೂಡಿಸಿ, ಗಾಳಿಯ ಒತ್ತಡ ತಗ್ಗಿಸಿದ ಒಲೆಗಳಲ್ಲಿ ಒಣಗಿಸುತ್ತಾರೆ. ಕೋಕೋದಲ್ಲಿರುವ ಉತ್ಕರ್ಷಣ ತಡೆಯುವ ಗುಣ ಹಾಲಿನ ಕೊಬ್ಬನ್ನು ಕಮಟದಂತೆ ಕಾಯುತ್ತದೆ. ಅಂದಿನ ಹಾಲಿನ ಪುಡಿಗಿಂತ ಕ್ರಂಬ್ ಬಹಳ ಹೆಚ್ಚು ಕಾಲ ಕೆಡದೆ ಉಳಿಯುತ್ತಿತ್ತು. ಕ್ಯಾಡ್ಬರಿಯವರು ಹಸು ಮೇಯುವ ಕಡೆಗೇ ಕಾರ್ಖಾನೆಗಳನ್ನು ಒಯ್ದರು. 1911ರಲ್ಲಿ ಸ್ಟಾಫರ್ಡ್‌ಶೈರಿನ ನೈಟನ್‌ನಲ್ಲಿ ಕಾಲುವೆಯ ದಡದ ಮೇಲೆ ಒಂದು ಘಟಕ ನಿಂತಿತು. ಅಲ್ಲಿಂದ ಕ್ರಂಬ್ ತುಂಬಿದ ಕಿರಿದಾದ ದೋಣಿಗಳು 1961ರವರೆಗೂ ಬೋರ್ನ್‌ವಿಲ್‌ಗೆ ಸಾಗುತ್ತಿದ್ದವು.

ಹಾಲನ್ನು ಕಾಪಿಡಲು ಮಾಡಿದ ಈ ಏರ್ಪಾಟೇ ಇಂಗ್ಲೆಂಡಿನ ರುಚಿಯನ್ನು ಕಟ್ಟಿತು. ಹಾಲು, ಸಕ್ಕರೆ ಒಟ್ಟಿಗೆ ಕಾಯುವಾಗ ಹಾಲಿನ ಪ್ರೋಟೀನು ಮತ್ತು ಸಕ್ಕರೆಗಳು ಕೂಡಿ ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ, ಬಣ್ಣ ಕಂದಾಗುತ್ತದೆ. ಧಾರವಾಡ ಪೇಡೆಯ ಬಾಣಲೆಯಲ್ಲಿ ಖೋವಾ ಕಂದಾಗಿ ಘಮ್ಮೆನ್ನುವುದು ಇದೇ ಕ್ರಿಯೆಯಿಂದ. ಫ್ರಾನ್ಸಿನ ಲೂಯಿ ಕಮೀ ಮಯಾರ್ ಈ ಕ್ರಿಯೆಯನ್ನು ವಿವರಿಸಿದ್ದು 1912ರಲ್ಲಿ. ಡೇರಿ ಮಿಲ್ಕ್ ಆಗಲೇ ಏಳು ವರ್ಷದಿಂದ ಅಂಗಡಿಯಲ್ಲಿತ್ತು. ಕಾರಣ ಗೊತ್ತಾಗುವ ಮೊದಲೇ ಒಂದು ದೇಶದ ಮಕ್ಕಳು ಅದರ ಫಲಕ್ಕೆ ಬಾಯಿ ಒಗ್ಗಿಸಿಕೊಂಡಿದ್ದರು.

ಇಂಗ್ಲೆಂಡಿನ ಬಾರಿನ ಇನ್ನೊಂದು ಗುಣ, ಅದರ ದಟ್ಟ, ಏರುಪೇರಿಲ್ಲದ ಕೋಕೋ ರುಚಿ, ಘಾನಾದ ಬೀಜದಿಂದ ಬಂದದ್ದು. ಆ ಬೀಜದ ಹಿಂದೆ ಮರೆಯಬಾರದ ಕತೆಯಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕ್ಯಾಡ್ಬರಿ ಕಂಪನಿಯ ಕೋಕೋದ ದೊಡ್ಡ ಪಾಲು ಪೋರ್ಚುಗೀಸರ ಕೈಯಲ್ಲಿದ್ದ ಸಾವೊ ತೋಮೆ, ಪ್ರಿನ್ಸಿಪೆ ದ್ವೀಪಗಳಿಂದ ಬರುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರನ್ನು ಅಂಗೋಲದಿಂದ ಬಲವಂತವಾಗಿ ತರಲಾಗಿತ್ತು. ಇದರ ಸುದ್ದಿ 1901ರಲ್ಲೇ ಕಂಪನಿಯ ಕಿವಿಗೆ ಬಿದ್ದಿತ್ತು. ಪತ್ರಕರ್ತ ಹೆನ್ರಿ ನೆವಿನ್ಸನ್ ಅಲ್ಲಿಗೆ ಹೋಗಿ ನೋಡಿ 1906ರಲ್ಲಿ ಪುಸ್ತಕ ಬರೆದ. ಕ್ಯಾಡ್ಬರಿ ಆ ದ್ವೀಪಗಳ ಕೋಕೋವನ್ನು ಕೊನೆಗೂ ಬಿಟ್ಟದ್ದು 1909ರಲ್ಲಿ. ತಮ್ಮನ್ನು ಟೀಕಿಸಿದ ಪತ್ರಿಕೆಯ ಮೇಲೆ ಅವರು ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಅದೇ ವರ್ಷ ಗೆದ್ದರು. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ಕಾಲು ಭಾಗ. ಆ ಬಳಿಕ ಕೊಳ್ಳುವಿಕೆ ಗೋಲ್ಡ್ ಕೋಸ್ಟಿನತ್ತ, ಇಂದಿನ ಘಾನಾದತ್ತ ಹರಿಯಿತು. ಅಲ್ಲಿ ಸಣ್ಣ ರೈತರು ತಮ್ಮ ತೋಟದ ಬೀಜವನ್ನು ಬಾಳೆ ಎಲೆ ಹೊದಿಸಿ ರಾಶಿಯಲ್ಲೇ ಹುದುಗಿಸುತ್ತಿದ್ದರು. ಅವರು ಕಟ್ಟಿಕೊಟ್ಟ ರುಚಿಯೇ ಬ್ರಿಟನ್ನಿನ ರುಚಿಯಾಯಿತು.

ಡೆರಿ: ಉಳಿದುಬಿಟ್ಟ ಹುಳಿ

ಮಿಲ್ಟನ್ ಹರ್ಷಿ ಅಮೆರಿಕದ ಪೆನ್ಸಿಲ್ವೇನಿಯಾದವನು, ಕ್ಯಾರಮೆಲ್ ಮಿಠಾಯಿಯ ವ್ಯಾಪಾರಿ. ತಾಜಾ ಹಾಲು ಹಾಕಿದರೆ ಕ್ಯಾರಮೆಲ್ ಚೆನ್ನಾಗಿರುತ್ತದೆಂದು ಡೆನ್ವರಿನಲ್ಲಿ ಕೆಲಸ ಮಾಡುವಾಗ ಕಲಿತಿದ್ದ. 1893ರಲ್ಲಿ ಷಿಕಾಗೋದ ವಿಶ್ವ ಮೇಳದಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಲೇಮನ್ ಕಂಪನಿಯ ಚಾಕೊಲೇಟ್ ಯಂತ್ರಗಳು ಓಡುತ್ತಿದ್ದುದನ್ನು ನೋಡಿ ಅವನ್ನು ಕೊಂಡ. 1900ರಲ್ಲಿ ಕ್ಯಾರಮೆಲ್ ಕಂಪನಿಯನ್ನು 10 ಲಕ್ಷ ಡಾಲರಿಗೆ ಮಾರಿ ಚಾಕೊಲೇಟಿನ ಕಡೆ ಪೂರ್ತಿ ತಿರುಗಿದ. ಡೆರಿ ಎಂಬ ಹಳ್ಳಿಗಾಡಿನಲ್ಲಿ, ತಾನು ಹುಟ್ಟಿದ ಮನೆಯ ಬಳಿ, ಹಸುಗಳ ನಡುವೆ ಕಾರ್ಖಾನೆ ಎಬ್ಬಿಸಲು 1903ರಲ್ಲಿ ಕೆಲಸ ಶುರುಮಾಡಿದ. 1905ರಲ್ಲಿ ಅದು ತೆರೆಯಿತು.

ಯುರೋಪಿನವರು ತಮ್ಮ ವಿದ್ಯೆಯನ್ನು ಹೇಳಿಕೊಡುವಂತಿರಲಿಲ್ಲ. ಹರ್ಷಿ ಮತ್ತು ಅವನ ಕೆಲಸಗಾರರು ಕೈಯಾರೆ ಮಾಡಿ ನೋಡಿಯೇ ಕಲಿಯಬೇಕಾಯಿತು. ಹಾಲು ತಳ ಹಿಡಿಯುತ್ತಿತ್ತು, ಸೀದು ಹೋಗುತ್ತಿತ್ತು, ಗಂಟಾಗುತ್ತಿತ್ತು. ಕೊನೆಗೆ ಕೈಹಿಡಿದದ್ದು ಸಣ್ಣ ಉರಿ: ಗಾಳಿಯ ಒತ್ತಡ ತಗ್ಗಿಸಿದ ಕಡಾಯಿಯಲ್ಲಿ ಕಡಿಮೆ ಕಾವಿನಲ್ಲಿ ಸಕ್ಕರೆಯೊಡನೆ ನಿಧಾನವಾಗಿ ಮಂದ ಮಾಡಿದ ಹಾಲು. ಅದು ನುಣ್ಣಗೆ ಬಂತು, ಕೋಕೋದೊಂದಿಗೆ ಸರಾಗವಾಗಿ ಬೆರೆಯಿತು, ಕಪಾಟಿನಲ್ಲಿ ಕೆಡದೆ ನಿಂತಿತು. ಜೊತೆಗೆ ಹಗುರವಾದ ಒಂದು ಹುಳಿಯೂ ಬಂತು.

ಆ ಹುಳಿಯ ಗುಟ್ಟನ್ನು ಹರ್ಷಿ ಕಂಪನಿ ಇಂದಿಗೂ ಬಿಟ್ಟುಕೊಟ್ಟಿಲ್ಲ. ಆಹಾರ ವಿಜ್ಞಾನಿಗಳ ತರ್ಕ ಹೀಗಿದೆ. ಹಾಲಿನಲ್ಲಿ ಲೈಪೇಸ್ ಎಂಬ ಕಿಣ್ವವಿರುತ್ತದೆ. ಅದು ಹಾಲಿನ ಕೊಬ್ಬನ್ನು ಒಡೆದು ಸಣ್ಣ ಸಣ್ಣ ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಬ್ಯುಟಿರಿಕ್ ಆಮ್ಲ. ಹಳತಾದ ಬೆಣ್ಣೆಯ ಕಮಟಿನಲ್ಲೂ ಪಾರ್ಮೆಸಾನ್ ಚೀಸಿನ ಗಾಢ ವಾಸನೆಯಲ್ಲೂ ಇರುವುದು ಅದೇ. ವಾಂತಿಯ ವಾಸನೆಯಲ್ಲೂ ಅದಿದೆ. ಯುರೋಪಿನವರು ಮುಖ ತಿರುಗಿಸುವುದಕ್ಕೆ ಕಾರಣ ಅದು. ಕಾವು ಜೋರಾಗಿದ್ದರೆ ಈ ಕಿಣ್ವ ಬೇಗ ಸಾಯುತ್ತದೆ. ಸಣ್ಣ ಉರಿಯಲ್ಲಿ ಅದಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ಸಕಾಲಕ್ಕೆ ತಡೆದು ನಿಲ್ಲಿಸಿದರೆ ಹುಳಿ ಅಷ್ಟಕ್ಕೇ ನಿಂತು ಹಾಲು ಸ್ಥಿರವಾಗುತ್ತದೆ.

ಈ ಕತೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಈ ಘಟ್ಟ. ವೆವೇಯ ಪೀಟರ್ ಹನ್ನೆರಡು ವರ್ಷ ಹೋರಾಡಿ ಓಡಿಸಿದ್ದು ಹಾಲಿನ ಕೊಬ್ಬು ಒಡೆದಾಗ ಏಳುವ ವಾಸನೆಯನ್ನೇ. ಪೆನ್ಸಿಲ್ವೇನಿಯಾದಲ್ಲಿ ಅದರ ಒಂದು ಎಳೆ ಅಂಕೆಯೊಳಗೆ ಉಳಿದುಕೊಂಡು ಒಂದು ದೇಶದ ಇಷ್ಟವಾಯಿತು. ಹರ್ಷಿ ಬಾರು 5 ಸೆಂಟಿಗೆ ಸಿಗುತ್ತಿತ್ತು. ತೂಕ ಏರಿಳಿದರೂ ಆ ಬೆಲೆ 1969ರವರೆಗೂ ಬದಲಾಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಚೀಲಗಳಲ್ಲಿದ್ದುದೂ ಹರ್ಷಿ ಕಂಪನಿಯ ಚಾಕೊಲೇಟೇ. ದುಬಾರಿ ಸ್ವಿಸ್ ಬಾರನ್ನು ಕಂಡೇ ಇರದ ಕೋಟ್ಯಂತರ ಅಮೆರಿಕನ್ನರಿಗೆ ಬಾಳಿನ ಮೊದಲ ಚಾಕೊಲೇಟ್ ಅದಾಗಿತ್ತು. ಇಂದು ಲೈಪೇಸಿನಿಂದ ಬೇಕೆಂದೇ ಹುಳಿ ಬರಿಸಿದ ಹಾಲಿನ ಪುಡಿಯನ್ನು ಚಾಕೊಲೇಟ್ ತಯಾರಕರಿಗೆಂದು ಮಾರುತ್ತಾರೆ. ಯಾರ ನಾಲಿಗೆಯೂ ಇಲ್ಲಿ ಕೆಟ್ಟದ್ದಲ್ಲ. ಎಳವೆಯಲ್ಲಿ ಸಿಕ್ಕಿದ್ದನ್ನು ನಾಲಿಗೆ ಸರಿಯಾದದ್ದೆಂದು ನೆನಪಿಟ್ಟುಕೊಳ್ಳುತ್ತದೆ.

ಕಾನೂನು, ಮತ್ತು ನಮ್ಮ ಮುರುಗಲು

ಕಾರ್ಖಾನೆಯಲ್ಲಿ ಹುಟ್ಟಿದ ಈ ವ್ಯತ್ಯಾಸಗಳಿಗೆ ಆಮೇಲೆ ಕಾನೂನಿನ ಗೋಡೆ ಬಿತ್ತು. ಅಮೆರಿಕದಲ್ಲಿ ಹಾಲಿನ ಚಾಕೊಲೇಟ್ ಅನ್ನಿಸಿಕೊಳ್ಳಲು ಕೋಕೋ ಮುದ್ದೆ ನೂರಕ್ಕೆ 10, ಹಾಲಿನ ಅಂಶ 12 ಇದ್ದರೆ ಸಾಕು. ಯುರೋಪ್ ಒಕ್ಕೂಟದಲ್ಲಿ ಕೋಕೋ ಅಂಶ 25, ಹಾಲಿನ ಅಂಶ 14 ಬೇಕು. ಹೆಚ್ಚು ಹಾಲು, ಕಡಿಮೆ ಕೋಕೋ ಇರುವ ಬ್ರಿಟನ್, ಐರ್ಲೆಂಡಿನ ಬಾರು ಅಲ್ಲಿ ಏನೆಂದು ಕರೆಸಿಕೊಳ್ಳಬೇಕೆಂಬ ಬಗ್ಗೆ ಸುಮಾರು ಮೂವತ್ತು ವರ್ಷ ಜಗಳ ನಡೆಯಿತು. ಅದಕ್ಕಿಂತ ದೊಡ್ಡ ಜಗಳ ಕೊಬ್ಬಿನದು. ಬ್ರಿಟನ್ನಿನವರು ಕೋಕೋ ಬೆಣ್ಣೆಯ ಜೊತೆ ಬೇರೆ ಸಸ್ಯಗಳ ಕೊಬ್ಬನ್ನೂ ಸ್ವಲ್ಪ ಸೇರಿಸುತ್ತಿದ್ದರು. ಅದು ಚಾಕೊಲೇಟೇ ಅಲ್ಲವೆಂದು ಬೆಲ್ಜಿಯಂ, ಫ್ರಾನ್ಸಿನವರು ವಾದಿಸಿದರು. 2000ದಲ್ಲಿ ಒಕ್ಕೂಟ ಹೊಸ ಆದೇಶ ಹೊರಡಿಸಿ ನೂರಕ್ಕೆ 5ರವರೆಗೆ ಅಂಥ ಕೊಬ್ಬಿಗೆ ಒಪ್ಪಿತು, ಹೊದಿಕೆಯ ಮೇಲೆ ಅದನ್ನು ಹೇಳಬೇಕೆಂದು ಕಟ್ಟು ಹಾಕಿತು. ಬ್ರಿಟಿಷ್ ಬಾರನ್ನು 'ಬದಲಿ ಚಾಕೊಲೇಟ್' ಎಂದೇ ಮಾರಬೇಕೆಂದು ಹಠ ಹಿಡಿದಿದ್ದ ಇಟಲಿ, ಸ್ಪೇನ್ ದೇಶಗಳ ವಿರುದ್ಧ 2003ರ ಜನವರಿಯಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು.

ಆ ಆದೇಶ ಒಪ್ಪಿದ ಕೊಬ್ಬುಗಳು ಆರೇ ಆರು. ಇಲ್ಲಿಪೆ, ತಾಳೆ, ಷಿಯಾ, ಸಾಲ, ಮಾವಿನ ಗೊರಟು, ಮತ್ತು ಗಾರ್ಸಿನಿಯಾ ಇಂಡಿಕಾ. ಈ ಕೊನೆಯದು ನಮ್ಮ ಪಶ್ಚಿಮ ಘಟ್ಟದ ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ. ಅದರ ಸಿಪ್ಪೆಯ ಪಾನಕ ಎಲ್ಲರಿಗೂ ಗೊತ್ತು. ಬೀಜದಿಂದ ತೆಗೆದ ಮುರುಗಲು ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚಿಕೊಂಡವರು ಉತ್ತರ ಕನ್ನಡದಲ್ಲಿ ಮನೆಮನೆಯಲ್ಲಿದ್ದಾರೆ. ಆ ತುಪ್ಪದ ಅಣುಗಳ ಕಟ್ಟಣೆ ಕೋಕೋ ಬೆಣ್ಣೆಯದಕ್ಕೆ ಹತ್ತಿರ, ಕರಗುವ ಕಾವು ಸ್ವಲ್ಪ ಹೆಚ್ಚು. ಅದರಿಂದ ಚಾಕೊಲೇಟಿಗೆ ಸೇರಿದರೆ ಜಗಳವಿಲ್ಲದೆ ಹೊಂದಿಕೊಂಡು ಗಟ್ಟಿತನ ಕೊಡುತ್ತದೆ.

ಗಟ್ಟಿತನದ ಚಿಂತೆ ನಮ್ಮಂಥ ಬಿಸಿಲ ನಾಡಿನದು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ, ಬಾಯಿಯ ಕಾವಿಗಿಂತ ತುಸು ಕೆಳಗೆ. ನಾಲಿಗೆಯ ಮೇಲಿಟ್ಟ ಬಾರು ನೀರಾಗುವ ಸೊಗಸಿಗೆ ಕಾರಣ ಅದು. ರಾಯಚೂರು, ಕಲಬುರಗಿಯ ಅಂಗಡಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಆ ಸೊಗಸೇ ಸಂಕಟ. ಹಾಲಿನ ಕೊಬ್ಬು ಹೆಚ್ಚಾದಷ್ಟೂ ಕೋಕೋ ಬೆಣ್ಣೆ ಇನ್ನಷ್ಟು ಮೆದುವಾಗುತ್ತದೆ. ಬಿಸಿಲ ನಾಡಿಗೆ ಬಾರು ಮಾಡುವವರು ಕೆನೆ, ಸಕ್ಕರೆ, ಕೊಬ್ಬಿನ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಲೇಬೇಕು. ವಿದೇಶದಿಂದ ತಂದ ಬಾರಿಗಿಂತ ಇಲ್ಲಿನದು ಹಲ್ಲಿಗೆ ಗಟ್ಟಿಯೆನಿಸಿದರೆ ಅದರಲ್ಲಿ ಹವಾಮಾನದ ಪಾಲೂ ಇದೆ.

ಪುತ್ತೂರಿನ ಪೆಟ್ಟಿಗೆಗಳು

ನಮ್ಮ ನಾಡಿನಲ್ಲಿ ಕೋಕೋ ಬೆಳೆದದ್ದು ಅಡಿಕೆ, ತೆಂಗಿನ ನೆರಳಿನಲ್ಲಿ. ವಿಟ್ಲದ ಸಂಶೋಧನಾ ಕೇಂದ್ರ ಅಡಿಕೆ ತೋಟದ ಮಿಶ್ರಬೆಳೆಯಾಗಿ ಅದನ್ನು ಪ್ರಯೋಗಿಸಿತು, ದಕ್ಷಿಣ ಕನ್ನಡದ ರೈತರು ನಂಬಿ ನೆಟ್ಟರು. 1980ರ ಸುಮಾರಿಗೆ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ಎಷ್ಟೋ ತೋಟಗಳಲ್ಲಿ ಕೋಕೋ ಗಿಡಗಳಿಗೆ ಕೊಡಲಿ ಬಿತ್ತು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಆಗ ಕೋಕೋ ಕೊಳ್ಳಲು ಮುಂದಾಯಿತು. ಕೊಂಡ ಬೀಜಕ್ಕೆ ದಾರಿ ಬೇಕೆಂದು 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಬೆಳೆದವರೇ ಒಡೆಯರಾಗಿರುವ ಚಾಕೊಲೇಟ್ ಕಾರ್ಖಾನೆ ಜಗತ್ತಿನಲ್ಲಿ ಸುಲಭಕ್ಕೆ ಕಾಣಸಿಗುವುದಿಲ್ಲ. ವೆವೇ, ಬೋರ್ನ್‌ವಿಲ್, ಡೆರಿ ಮೂರೂ ಕಡೆ ಹಾಲು ತಮ್ಮ ನಾಡಿನದೇ ಆಗಿತ್ತು, ಬೀಜ ಕಡಲಾಚೆಯಿಂದ ಬರುತ್ತಿತ್ತು. ಪುತ್ತೂರಿಗೆ ಬೀಜ ಸುತ್ತಲ ತೋಟಗಳಿಂದಲೇ ಬರುತ್ತದೆ.

ಬೀಜದ ರುಚಿ ತೀರ್ಮಾನವಾಗುವುದು ಕಾಯಿಯಿಂದ ಬಿಡಿಸಿದ ಮೊದಲ ಐದಾರು ದಿನಗಳಲ್ಲಿ. ಬಿಳಿ ತಿರುಳು ಮೆತ್ತಿಕೊಂಡ ಹಸಿ ಬೀಜವನ್ನು ಪೆಟ್ಟಿಗೆಯಲ್ಲಿ ತುಂಬಿದರೆ ಮೊದಲು ಯೀಸ್ಟು ತಿರುಳಿನ ಸಕ್ಕರೆಯನ್ನು ತಿನ್ನುತ್ತದೆ, ಆಮೇಲೆ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಬರುತ್ತವೆ. ಕಾವು 45ರಿಂದ 50 ಡಿಗ್ರಿಗೆ ಏರುತ್ತದೆ. ಒಳಗಿನ ಮೊಳಕೆ ಸತ್ತು ಬೀಜದ ಪ್ರೋಟೀನುಗಳು ಒಡೆಯುತ್ತವೆ. ಮುಂದೆ ಹುರಿದಾಗ ಚಾಕೊಲೇಟಿನ ಪರಿಮಳವಾಗುವ ಕಚ್ಚಾ ಸಾಮಗ್ರಿ ಇಲ್ಲಿ ಸಿದ್ಧವಾಗುತ್ತದೆ. ಬೇಗ ಮುಗಿಸಿದರೆ ಒಗರು, ಹೆಚ್ಚಾದರೆ ಹಳಸಲು. ಹೊಗೆಯಲ್ಲಿ ಒಣಗಿಸಿದರೆ ಪಾಪುವಾ ನ್ಯೂಗಿನಿಯ ಬೀಜದಂತೆ ಹೊಗೆಯ ವಾಸನೆ ಉಳಿದುಬಿಡುತ್ತದೆ. ಹುದುಗಿಸುವ ಪೆಟ್ಟಿಗೆ ನಮ್ಮ ಅಂಗಳದಲ್ಲೇ ಇರುವುದು ನಮಗೆ ಸಿಕ್ಕಿರುವ ದೊಡ್ಡ ಅನುಕೂಲ.

ಭಾರತದಲ್ಲಿ ದೊಡ್ಡ ಪ್ರಮಾಣದ ಚಾಕೊಲೇಟ್ ಪರದೇಶದ ಕಂಪನಿಯೊಂದಿಗೇ ಬಂತು; ಕ್ಯಾಡ್ಬರಿ ಇಲ್ಲಿಗೆ ಕಾಲಿಟ್ಟದ್ದು 1948ರಲ್ಲಿ. ನಮ್ಮ ಎರಡು ಮೂರು ತಲೆಮಾರುಗಳ ನಾಲಿಗೆಯ ಅಳತೆಗೋಲು ಬೋರ್ನ್‌ವಿಲ್‌ನಲ್ಲಿ ಹಾಲು ಕಾಪಿಡಲು ಕಂಡುಕೊಂಡ ಉಪಾಯದ ಮೇಲೆ ನಿಂತಿದೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಆ ಮೂರು ಊರುಗಳ ಕತೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ಯಾರೂ ದೇಶಕ್ಕೊಂದು ರುಚಿ ಕಟ್ಟುತ್ತೇನೆಂದು ಹೊರಟಿರಲಿಲ್ಲ. ತಮ್ಮ ಊರಿನ ಹಾಲು, ತಮ್ಮ ಊರಿನ ಉರುವಲು, ತಮ್ಮ ಊರಿನ ಋತುವನ್ನು ಇಟ್ಟುಕೊಂಡು ಎದುರಿಗಿದ್ದ ತೊಡಕನ್ನು ಬಿಡಿಸಿದರು. ನಮ್ಮ ತೊಡಕುಗಳು ಬೇರೆ: 40 ಡಿಗ್ರಿಯ ಬೇಸಿಗೆ, ಮಳೆಗಾಲದಲ್ಲಿ ಒಣಗದ ಬೀಜ, ಸಣ್ಣ ಸಣ್ಣ ತೋಟಗಳಿಂದ ಬರುವ ಏರುಪೇರಿನ ಫಸಲು. ಇವನ್ನು ನಮ್ಮದೇ ಕೋಕೋ, ನಮ್ಮದೇ ಹಾಲು, ನಮ್ಮದೇ ಮುರುಗಲು ತುಪ್ಪದಿಂದ ಬಿಡಿಸಲು ಗಟ್ಟಿಯಾಗಿ ಕೂತರೆ, ನಮ್ಮ ನಾಡಿನ ಚಾಕೊಲೇಟಿನ ರುಚಿಯೂ ಆ ಕೆಲಸದ ಬೆನ್ನಿಗೇ ಬರುತ್ತದೆ ಎಂದು ನಾನು ನಂಬಿದ್ದೇನೆ. ಅದಕ್ಕೆ ಬೇಕಾದ ಬೀಜ, ಕಾರ್ಖಾನೆ, ಬೆಳೆಗಾರರ ಒಗ್ಗಟ್ಟು ಮೂರೂ ಪುತ್ತೂರಿನಲ್ಲಿ ಈಗಾಗಲೇ ಇವೆ.